ಕಾರಿಗೆ ನೆರಳು

ಫೆಬ್ರವರಿ ೩, ಸೋಮವಾರ

ಆಸ್ಪತ್ರೆಯಿಂದ ಇವರನ್ನು ಮನೆಗೆ ಕರೆತಂದು ಮೂರು ದಿನವಾಯಿತು. ಬಲಗೈ, ಬಲಗಾಲು ಇನ್ನೂ ಇವರ ಮಾತು ಕೇಳುತ್ತಿಲ್ಲ. ಬಾಯಿಯ ಬಲಮೂಲೆ ಜೋತುಬಿದ್ದಿದೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಇವತ್ತು ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದಳು. "ಅಮ್ಮಾ, ಇಂಥ ಕಾಯಿಲೆಯಲ್ಲಿ ರೋಗಿಗಿಂತ ಮೊದ್ಲು ನೋಡ್ಕೊಳ್ಳೋರು ಸುಸ್ತಾಗ್ತಾರೆ. ದಿನಾ ನಾಲ್ಕು ಸಾಲು ಬರೀರಿ. ಯಾರಿಗೂ ತೋರಿಸ್ಬೇಡಿ" ಅಂದಳು. ಅದಕ್ಕೇ ಈ ಪುಸ್ತಕ. ಇವರು ಗಿರಾಕಿಗಳ ಕಾರಿನ ನಂಬರು ಬರೆದುಕೊಳ್ಳುತ್ತಿದ್ದದ್ದು. ಹಿಂದಿನ ಅರ್ಧ ಖಾಲಿಯಿತ್ತು.

ಏನು ಬರೆಯಲಿ? ಬೆಳಿಗ್ಗೆ ಸೂಪು ಕುಡಿದರು, ಅರ್ಧ ಅಂಗಿಯ ಮೇಲೆ ಹೋಯಿತು. ಎರಡು ಸಲ ಬಟ್ಟೆ ಬದಲಿಸಿದೆ. ನನ್ನ ಕೈಯಲ್ಲಿ ಮಾಡಿಸಿಕೊಳ್ಳಲು ಇವರಿಗೆ ನಾಚಿಕೆ. ಎಡಗೈಯಿಂದ ನನ್ನನ್ನು ತಳ್ಳುತ್ತಾರೆ. ತಳ್ಳುವಷ್ಟು ಬಲ ಉಳಿದಿದೆಯಲ್ಲ ಎಂದು ಸಮಾಧಾನ.

ಅಂಗಳದಲ್ಲಿ ಹಲ್ಲಿನ ಡಾಕ್ಟರಮ್ಮನ ಕಪ್ಪು ಕಾರು ಹಾಗೇ ನಿಂತಿದೆ. ಅದಕ್ಕೆ ಪಾಲಿಶ್ ಮಾಡುತ್ತಿರುವಾಗಲೇ ಇವರು ಬಿದ್ದದ್ದು. ಬಾನೆಟ್ಟಿನ ಅರ್ಧ ಕನ್ನಡಿಯಂತೆ ಹೊಳೆಯುತ್ತಿದೆ, ಇನ್ನರ್ಧ ಬೂದಿ ಬಳಿದಂತಿದೆ. ದೀಪಗಳ ಸುತ್ತ ಅಂಟಿಸಿದ್ದ ನೀಲಿ ಟೇಪು ಬಿಸಿಲಿಗೆ ಸುರುಳಿ ಸುತ್ತಿಕೊಂಡಿದೆ.

ಫೆಬ್ರವರಿ ೫, ಬುಧವಾರ

ಡಾಕ್ಟರಮ್ಮ ಬಂದಿದ್ದರು. ಒಳಗೆ ಬಂದು ಇವರನ್ನು ಮಾತಾಡಿಸಿದರು. ಹೊರಗೆ ಹೋದ ಮೇಲೆ ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ, ಕಾರನ್ನ ಬೇರೆ ಕಡೆ ಕೊಡ್ತೀನಿ. ನಿಮಗ್ಯಾಕೆ ಈ ತಾಪತ್ರಯ" ಅಂದರು.

ಇವರಿಗೆ ಕೇಳಿಸಿತು. ಒಳಗಿನಿಂದ ಗಂಟಲಲ್ಲೇ ಏನೋ ಕೂಗಿದರು. ಓಡಿಹೋಗಿ ನೋಡಿದರೆ ಅರ್ಧ ಮೈ ಮಂಚದಿಂದ ಕೆಳಗೆ. ಎತ್ತಿ ಮಲಗಿಸಿ ಹೊರಗೆ ಬಂದವಳು, "ಶನಿವಾರದೊಳಗೆ ಮುಗಿಸಿ ಕೊಡ್ತೀವಿ" ಅಂದುಬಿಟ್ಟೆ. ‘ಕೊಡ್ತೀವಿ’ ಅಂದರೆ ಯಾರು? ನನಗೇ ಗೊತ್ತಿರಲಿಲ್ಲ.

ಇಪ್ಪತ್ತಾರು ವರ್ಷ ಈ ಅಂಗಳದಲ್ಲಿ ಕಾರುಗಳು ಬಂದುಹೋಗಿವೆ. ಒಂದನ್ನೂ ನಾನು ಮುಟ್ಟಿಲ್ಲ. ಮದುವೆಯಾದ ಮೊದಲ ವರ್ಷ ಇವರ ಮೆತ್ತನೆಯ ಬಟ್ಟೆಯೊಂದನ್ನು ತಿಳಿಯದೆ ತೆಗೆದುಕೊಂಡು ಅಡುಗೆಮನೆಯ ಕಟ್ಟೆ ಒರೆಸಿದ್ದೆ. ಚಕ್ರ ತೊಳೆದ ಬಕೆಟ್ಟಿನ ನೀರನ್ನು ನನ್ನ ತಲೆಯ ಮೇಲೆ ಸುರಿದರು, ಗಿರಾಕಿ ನಿಂತಿರುವಾಗಲೇ. ಆ ಗಿರಾಕಿ ನಕ್ಕ. ಅಂದಿನಿಂದ ಚಹಾವನ್ನೂ ಮೆಟ್ಟಿಲ ಮೇಲಿಟ್ಟು, "ರೀ, ಚಹಾ ಇಟ್ಟಿದ್ದೀನಿ" ಎಂದು ಹೇಳಿ ಒಳಗೆ ಬರುತ್ತಿದ್ದೆ. ತಪ್ಪು ನನ್ನದೂ ಇತ್ತು. ಅದು ಅಡುಗೆಮನೆಯ ಬಟ್ಟೆಯಲ್ಲ.

ಫೆಬ್ರವರಿ ೮, ಶನಿವಾರ

ಮೈಯೆಲ್ಲ ನೋವು. ಆದರೂ ಬರೆಯಬೇಕು.

ಬೆಳಿಗ್ಗೆ ಮೆಟ್ಟಿಲ ಮೇಲೆ ಹಲಗೆ ಹಾಕಿ ಗಾಲಿಕುರ್ಚಿಯನ್ನು ಅಂಗಳಕ್ಕಿಳಿಸಿದೆ. ಪಕ್ಕದ ಮೂರಂತಸ್ತಿನ ಮನೆಯ ನೆರಳು ನಮ್ಮ ಅಂಗಳದ ಮೇಲೆ ಹನ್ನೊಂದರವರೆಗೆ ಇರುತ್ತದೆ. ಆಮೇಲೆ ಹಿಂದಿನ ಗೋಡೆಯ ಹತ್ತಿರ ಒಂದು ಕಾರು ನಿಲ್ಲುವಷ್ಟು ಮಾತ್ರ. ನೆರಳಿನಲ್ಲೇ ಕೆಲಸ ಮಾಡಬೇಕು, ಬಿಸಿ ಬಾನೆಟ್ಟಿನ ಮೇಲೆ ನೀರು ಬಿದ್ದರೆ ಕಲೆ ಕಟ್ಟುತ್ತದೆ. ಇದನ್ನೆಲ್ಲ ಇವರು ಮುರಿದ ಮಾತಿನಲ್ಲಿ, ಎಡಗೈ ಸನ್ನೆಯಲ್ಲಿ ಹೇಳಿದರು.

ಮೊದಲು ನನ್ನ ಬೆರಳು ತೋರಿಸಿ "ಉಂ... ಉಂ..." ಎಂದರು. ನೀರು ಬೇಕೇನೋ ಎಂದುಕೊಂಡೆ. ಉಂಗುರ! ಉಂಗುರ ತಾಗಿದರೆ ಬಣ್ಣಕ್ಕೆ ಗೀರು. ಸೋಪು ಹಚ್ಚಿ ಎಳೆದು ತೆಗೆದೆ. ಬೆರಳಿನ ಸುತ್ತ ಬಿಳಿ ಗೆರೆ.

ಎರಡು ಬಕೆಟ್ಟು, ಒಂದರಲ್ಲಿ ಶಾಂಪೂ ನೀರು, ಒಂದರಲ್ಲಿ ಬರೀ ನೀರು. ಕಾರಿಗೆ ಉಜ್ಜಿದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಾಡಿಸಿದ ಮೇಲೇ ಶಾಂಪೂವಿಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ. ಚಕ್ರಕ್ಕೆ ಬೇರೆ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಕಾರಿಗೆ ತಾಗಿಸಲೇಬಾರದು. ನನ್ನ ಕೈಯಿಂದ ಒಂದು ಬಿತ್ತು. ಎತ್ತಿ ಕೊಡವಿ ಒರೆಸಲು ಹೋದೆ. "ಲೇ!" ಎಂದರು. ಅದೊಂದು ಮಾತು ಎಷ್ಟು ಸ್ಪಷ್ಟವಾಗಿ ಬಂತು! ಬೈಸಿಕೊಂಡರೂ ನಗು ಬಂತು.

ಪಾಲಿಶ್ ಯಂತ್ರ ಕೈಗೆ ಬಂದಾಗ ಅದೇ ನನ್ನನ್ನು ಎಳೆದಾಡಿತು. ತಪ್ಪಾದರೆ ಇವರಿಂದ ಕುರ್ಚಿಯ ಹಿಡಿಗೆ ಒಂದು ಏಟು, ಸರಿಯಿದ್ದರೆ ಎರಡು. ದಿನವೆಲ್ಲ ಒಂದೊಂದೇ ಏಟು. ನಾಲ್ಕು ಗಂಟೆಯ ಹೊತ್ತಿಗೆ ಎರಡು ಏಟು ಕೇಳಿಸಿತು.

ಡಾಕ್ಟರಮ್ಮ ಬಾನೆಟ್ಟಿನಲ್ಲಿ ತಮ್ಮ ಹಲ್ಲು ನೋಡಿಕೊಂಡರು, ವೃತ್ತಿಯ ಅಭ್ಯಾಸ. "ಇದು ನೀವೇ ಮಾಡಿದ್ದಾ?" ಎಂದರು. ಹೂಂ ಅಂದೆ. ಇವರು ಗೇಟಿನ ಕಡೆ ನೋಡುತ್ತಿದ್ದರು.

ಫೆಬ್ರವರಿ ೨೩, ಭಾನುವಾರ

ನಾದಿನಿ ಬಂದಿದ್ದಳು. ಎರಡು ಬಸ್ಸು ಬದಲಿಸಿ ಬರಬೇಕು, ಆದರೂ ತಪ್ಪಿಸುವುದಿಲ್ಲ. ಅಣ್ಣನ ಉಗುರು ಕತ್ತರಿಸಿದಳು, ಗಡ್ಡ ತೆಗೆದಳು. "ಅತ್ತಿಗೆ, ನೀವು ಸೊಂಟ ನೋಡ್ಕೊಳ್ಳಿ, ಇಬ್ಬರೂ ಮಲಗಿದ್ರೆ ನಾನ್ ಯಾರನ್ನ ಎತ್ಲಿ" ಎಂದಳು.

ಡಾಕ್ಟರಮ್ಮ ನಾಲ್ಕು ಜನಕ್ಕೆ ಹೇಳಿದ್ದಾರೆ. ಈ ವಾರ ಮೂರು ಕಾರು. ಇವರು ಕುರ್ಚಿಯಲ್ಲಿ ಕೂತು ಹೇಳುತ್ತಾರೆ, ನಾನು ಮಾಡುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ನಾವು ಒಟ್ಟಿಗೆ ಇಷ್ಟು ಹೊತ್ತು ಕಳೆದದ್ದೇ ಇಲ್ಲ. ಎಡಗೈಯಿಂದ ಚಮಚ ಹಿಡಿಯಲು ಕಲಿತಿದ್ದಾರೆ. ನಿನ್ನೆ ನಾಲ್ಕು ಹೆಜ್ಜೆ, ಇವತ್ತು ಆರು.

ಮಾರ್ಚ್ ೬, ಗುರುವಾರ

ಬಾಗಿಲಿಗೆ ಅಂಗೈ ಸವರಿದರೆ ನುಣ್ಣಗಿರುತ್ತದೆ. ಅದೇ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿದರೆ ಮರಳು ಕಾಗದದಂತೆ ತಾಗುತ್ತದೆ. ಬರಿಗಣ್ಣಿಗೆ ಕಾಣದ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕೆ. ಅದಕ್ಕೊಂದು ಜೇಡಿಯಂಥ ಮುದ್ದೆ ಇದೆ. ನೀರು ಚಿಮುಕಿಸಿ ಮೆಲ್ಲಗೆ ಉಜ್ಜಿದರೆ ಎಲ್ಲವನ್ನೂ ಎತ್ತಿಕೊಳ್ಳುತ್ತದೆ. ಒತ್ತಬಾರದು. ಕೂಸಿನ ಬೆನ್ನು ಸವರಿದ ಹಾಗೆ. ನನಗೆ ಕೂಸಿನ ಬೆನ್ನು ಸವರಿ ಗೊತ್ತಿಲ್ಲ, ಆದರೂ ಹಾಗೇ ಅನಿಸಿತು.

ಇವರು ಇಡೀ ದಿನ ಕುರ್ಚಿಯ ಹಿಡಿ ಕುಟ್ಟಿದರು. ನಾನು ಸರಿಯಾಗಿ ಮಾಡುತ್ತಿದ್ದೆ. ಕೊನೆಗೆ "ಸುಮ್ನಿರ್ರೀ, ನಂಗೊತ್ತು" ಅಂದೆ. ಬಾಯಿಂದ ಹೇಗೆ ಬಂತೋ. ಇವರೂ ನನ್ನನ್ನು ಹೊಸಬಳ ಹಾಗೆ ನೋಡಿದರು.

ನಡಿಗೆ ಆರು ಹೆಜ್ಜೆ.

ಮಾರ್ಚ್ ೧೫, ಶನಿವಾರ

ಕೆಂಪು ಕಾರಿಗೆ ಬಣ್ಣ ಕೆರೆಯುವ ಒರಟು ಪಾಲಿಶ್ ಬೇಡ, ನಯವಾದದ್ದೇ ಸಾಕು ಎಂದು ನನ್ನ ಲೆಕ್ಕ. ಬಣ್ಣ ಈಗಾಗಲೇ ತೆಳ್ಳಗಾಗಿತ್ತು. ಅವರು ಒರಟಾದದ್ದೇ ಹಾಕು ಎಂದು ಹಟ ಹಿಡಿದರು. ಕುಟ್ಟಿದ್ದೇ ಕುಟ್ಟಿದ್ದು. ತಲೆಯೊಳಗೇ ಮೊಳೆ ಹೊಡೆದ ಹಾಗೆ. ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಎರಡೂ ಗಾಲಿಗಳ ಬ್ರೇಕು ಹಾಕಿದೆ. ಬಲಗಡೆಯ ಬ್ರೇಕು ಅವರ ಕೈಗೆ ಎಟುಕುವುದಿಲ್ಲ.

ಸ್ವಲ್ಪ ಹೊತ್ತು ಗೋಡೆಗೆ ಬೈದರು.

ಕಾರು ಬಹಳ ಚೆನ್ನಾಗಿ ಬಂತು. ನನ್ನ ಲೆಕ್ಕವೇ ಸರಿ. ಗಿರಾಕಿ, "ನಿಮ್ಮ ಯಜಮಾನ್ರಿಗಿಂತ ನಿಮ್ಮ ಕೈ ಚೆನ್ನಾಗಿದೆ" ಎಂದ. ಕುರ್ಚಿ ಅಲ್ಲೇ ಇತ್ತು, ತಿರುಗಿಸುವುದು ಮರೆತಿದ್ದೆ.

ಮಾರ್ಚ್ ೨೭, ಗುರುವಾರ

ಎರಡು ಕಾರು. ವ್ಯಾಯಾಮದ ಹುಡುಗಿಗೆ ಇನ್ನು ವಾರಕ್ಕೆರಡು ಸಲ ಬಂದರೆ ಸಾಕು ಎಂದೆ. ಅವಳ ಸ್ಕೂಟರು ಗೇಟಿಗೆ ಅಡ್ಡ ನಿಲ್ಲುತ್ತದೆ, ಕಾರು ಒಳಗೆ ಬರಲಾಗುವುದಿಲ್ಲ. "ಈಗ ನಿಲ್ಲಿಸಿದ್ರೆ ಕಾಲು ಬಿಗಿದುಕೊಳ್ಳುತ್ತೆ ಅಮ್ಮಾ" ಎಂದಳು. ನಾನೇ ಮಾಡಿಸುತ್ತೇನೆ ಅಂದೆ.

ಇವತ್ತು ಆಗಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಹಿಂದಿನ ಸೀಟಿನ ಮೇಲೆ ಯಾರದೋ ಮಗು ಹಾಲು ಕಕ್ಕಿ ಒಂದು ವಾರವಾಗಿತ್ತಂತೆ. ಬಾಗಿಲು ತೆಗೆದರೆ ಮೂಗಿಗೆ ಹೊಡೆಯುವ ಹುಳಿ ವಾಸನೆ. ಹಾಲಿನ ವಾಸನೆಗೆ ಅವಸರ ಆಗದು. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ನೊರೆ, ಮೆತ್ತನೆ ಬ್ರಶ್ಶಿನಲ್ಲಿ ಹೊಲಿಗೆಯ ಗುಂಟ ಒಂದೊಂದೇ ಇಂಚು, ಆಮೇಲೆ ಯಂತ್ರದಿಂದ ಹೀರಿಸಿ ತೆಗೆಯುವುದು. ಮೂರು ಸುತ್ತು. ಸೀಟಿನ ಸಂದಿಯ ಕೊಳೆಯನ್ನು ಹತ್ತಿ ಸುತ್ತಿದ ಇಯರ್‌ಬಡ್ ಹಾಕಿ ತೆಗೆದೆ. ಕೊನೆಗೆ ಮುಖ ಒತ್ತಿ ಮೂಸಿದೆ. ಏನೂ ಇಲ್ಲ. ಬರೀ ಬಟ್ಟೆಯ ವಾಸನೆ. ಎಂಥ ಸಂತೋಷ!

ನಡುವೆ ಒಳಗಿನಿಂದ ಇವನು ಕರೆದ. ಕೇಳಿಸಿತ್ತು. ಹೋಗಿ ನೋಡುವಷ್ಟರಲ್ಲಿ ಹಾಸಿಗೆಯೆಲ್ಲ ಹೊಲಸು. ಮುಕ್ಕಾಲು ಗಂಟೆ ತಡೆಯಲಾಗದೆ? "ಬೇಕೂಂತ ಮಾಡ್ತೀಯಾ?" ಎಂದು ಬೈದೆ. ಬಚ್ಚಲಿಗೆ ಕರೆದೊಯ್ದು ಕೂರಿಸಿ ಏಳಿಸುವುದೆಂದರೆ ಒಂದು ಗಂಟೆ ಹಾಳು. ಅಂಗಳಕ್ಕೇ ತಂದು ಪೈಪಿನಿಂದ ತೊಳೆದೆ. ನೀರಿನ ರಭಸ ಕಡಿಮೆ ಮಾಡಿಕೊಂಡೇ ತೊಳೆದೆ. ನೀರು ತಣ್ಣಗಿತ್ತು, ನಡುಗಿದ. ಪಕ್ಕದ ಮನೆಯ ಮಹಡಿಯ ಕಿಟಕಿ ಯಾರೋ ಮುಚ್ಚಿಕೊಂಡರು. ಅವರ ಮನೆಯಲ್ಲಿ ಹೀಗೊಬ್ಬ ಮಲಗಿದ್ದರೆ ಗೊತ್ತಾಗುತ್ತಿತ್ತು.

ಒರೆಸಲು ಹಳೆಯ ಚಕ್ರದ ಬಟ್ಟೆ ಕೈಗೆ ಸಿಕ್ಕಿತು. ಒಗೆದದ್ದೇ.

ಏಪ್ರಿಲ್ ೧೩, ಭಾನುವಾರ

ನಾದಿನಿ ಇವತ್ತು ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅತ್ತಿಗೆ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಣ್ಣ ನಿಮಗೆ ಹೆದರ್ತಾನೆ."

ನಗು ಬಂತು. "ಯಾರು? ಇವನಾ?"

"ನನ್ ಹತ್ರ ನಾಲ್ಕು ಮಾತಾಡ್ತಾನೆ. ನಿಮ್ಮ ಚಪ್ಪಲಿ ಸದ್ದು ಕೇಳಿದ ಕೂಡಲೇ ಬಾಯಿ ಮುಚ್ತಾನೆ. ಬೆನ್ನಲ್ಲಿ ಹುಣ್ಣಾಗಿದೆ, ನೋಡಿದ್ದೀರಾ?"

ನೋಡಿರಲಿಲ್ಲ. ಆದರೂ ನೋಡಿದ್ದೇನೆ, ಮುಲಾಮು ಹಚ್ಚುತ್ತಿದ್ದೇನೆ ಎಂದೆ. ಆಮೇಲೆ ಕೋಪ ಬಂತು. "ಇಪ್ಪತ್ತಾರು ವರ್ಷ ನಿಮ್ಮಣ್ಣನ ಚಪ್ಪಲಿ ಸದ್ದಿಗೆ ನಾನು ಬಾಯಿ ಮುಚ್ಚಿಕೊಂಡೆ. ಆಗ ಯಾವ ಭಾನುವಾರನಾದ್ರೂ ಬಂದು ನನ್ನ ಬೆನ್ನು ನೋಡಿದ್ಯಾ ನೀನು?" ಎಂದು ಕೇಳಿದೆ.

ಅವಳು ಕಣ್ಣು ಒರೆಸಿಕೊಂಡಳು. "ಇಲ್ಲ. ನೋಡ್ಬೇಕಿತ್ತು" ಎಂದಳು. ಹಾಗೆ ಒಪ್ಪಿಕೊಂಡುಬಿಟ್ಟರೆ ಜಗಳ ಹೇಗೆ ಮುಂದುವರಿಯುತ್ತದೆ? ಚಹಾ ಮಾಡಿಕೊಟ್ಟೆ.

ಸಂಜೆ ಮುಲಾಮು ಹಚ್ಚಿದೆ. ಕೈ ತಾಗಿದ ಕೂಡಲೇ ಮೈ ಬಿಗಿ ಹಿಡಿದ. ಉರಿಯಿರಬೇಕು.

ಏಪ್ರಿಲ್ ೨೨, ಮಂಗಳವಾರ

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಡಾಕ್ಟರಮ್ಮನ ಕಾರಿಗೆ ಬಣ್ಣ ಕಾಯುವ ಕೋಟಿಂಗ್ ಹಾಕುವುದಿತ್ತು. ಚಿಕ್ಕ ಸೀಸೆ, ಕೆಲವು ಹನಿ ಹಾಕಿ ಅಂಗೈಯಗಲ ಸವರುವುದು, ಒಂದು ನಿಮಿಷ ಬಿಟ್ಟು ಒರೆಸುವುದು. ತಡವಾದರೆ ಗಟ್ಟಿಯಾಗಿ ಕೂತುಬಿಡುತ್ತದೆ, ಮತ್ತೆ ಯಂತ್ರ ಹಿಡಿದು ಕೆರೆಯಬೇಕು. ಬಿಸಿಲು ತಾಗಲೇಬಾರದು. ಇಂಥ ಕೆಲಸ ನನಗೆ ಮೊದಲ ಸಲ. ಬೆಳಿಗ್ಗೆ ಆರಕ್ಕೇ ತೊಳೆದು ಒಣಗಿಸಿದ್ದೆ. ಇವನನ್ನು ಹಿಂದಿನ ಗೋಡೆಯ ಹತ್ತಿರ ಕೂರಿಸಿದ್ದೆ, ಒಳಗೆ ಬಿಟ್ಟರೆ ಮತ್ತೆ ಹಾಸಿಗೆ ಎಂದು.

ಹನ್ನೊಂದಕ್ಕೆ ಬಾನೆಟ್ಟಿನ ತುದಿಗೆ ಬಿಸಿಲು ಬಂತು. ನೆರಳಿದ್ದದ್ದು ಹಿಂದಿನ ಗೋಡೆಯ ಹತ್ತಿರ ಮಾತ್ರ, ಅಲ್ಲಿ ಕುರ್ಚಿ ಅಡ್ಡ. ಕುರ್ಚಿಯನ್ನು ಎಳೆದು ಗೇಟಿನ ಪಕ್ಕ ನಿಲ್ಲಿಸಿ ಬ್ರೇಕು ಹಾಕಿದೆ. ನಮ್ಮ ಅಂಗಳ ಹಿಂದಕ್ಕೆ ಸ್ವಲ್ಪ ಇಳಿಜಾರು. ಕಾರಿನ ಹ್ಯಾಂಡ್‌ಬ್ರೇಕು ಬಿಟ್ಟು ಹಿಂದಕ್ಕೆ ಜಾರಿಸಿದೆ. ಪೂರ್ತಿ ನೆರಳಿಗೆ ಬಂತು. "ಐದು ನಿಮಿಷ. ಬಾನೆಟ್ ಮುಗಿಸಿ ಒಳಗೆ ಕರ್ಕೊಂಡ್ ಹೋಗ್ತೀನಿ" ಎಂದೆ.

ಬಾನೆಟ್ಟು ಮುಗಿಯಿತು. ನಡುವೆ ನಿಲ್ಲಿಸಿದರೆ ಅಂಚು ಕಾಣುತ್ತದೆ ಎಂದು ಛಾವಣಿಗೆ ಹೋದೆ. ಛಾವಣಿಯಾದ ಮೇಲೆ ಬಾಗಿಲು. ಅವನು ಕರೆಯುತ್ತಿದ್ದ. ನನಗೆ ಕೇಳಿಸುತ್ತಿತ್ತು. "ನೀ... ನೀರು" ಎಂದ. ಕೈಯಲ್ಲಿ ಒದ್ದೆ ಕೋಟಿಂಗ್ ಇತ್ತು. ಮತ್ತೆ ಐದು ನಿಮಿಷ ಎಂದೆ. ಮೊದಲು ಹಿಡಿ ಕುಟ್ಟಿದ. ಆಮೇಲೆ ಕುಟ್ಟಲಿಲ್ಲ. ಸದ್ಯ ಬುದ್ಧಿ ಬಂತು ಎಂದುಕೊಂಡೆ.

ಒಂದೂವರೆಗೆ ಡಾಕ್ಟರಮ್ಮ ಗೇಟು ತೆಗೆದವರು ಚೀರಿದರು. ತಲೆ ಎದೆಯ ಮೇಲೆ ಜೋತುಬಿದ್ದಿತ್ತು. ಮೈ ಕೆಂಡ. ಬೆವರೂ ಇರಲಿಲ್ಲ. ಕುರ್ಚಿಯ ಹಿಡಿ ಮುಟ್ಟಿದ ಡಾಕ್ಟರಮ್ಮ ಸುಟ್ಟುಕೊಂಡ ಹಾಗೆ ಕೈ ಹಿಂದಕ್ಕೆಳೆದುಕೊಂಡರು. "ಇವರು ಇಲ್ಲಿ ಎಷ್ಟು ಹೊತ್ತಿಂದ ಇದ್ದಾರೆ?" ಎಂದರು. ಈಗಷ್ಟೇ ಎಂದೆ. ಅವರು ತಲೆಯೆತ್ತಿ ಪಕ್ಕದ ಮನೆಯ ನೆರಳು ನೋಡಿದರು, ಕಾರು ನೋಡಿದರು, ನನ್ನನ್ನು ನೋಡಿದರು.

ಇಬ್ಬರೂ ಎತ್ತಿ ಅದೇ ಕಾರಿನಲ್ಲಿ ಹಾಕಿಕೊಂಡು ಹೋದೆವು. ಕೋಟಿಂಗ್ ಇನ್ನೂ ಹಸಿಯಾಗಿತ್ತು. ಎಡಬಾಗಿಲ ತುಂಬ ನಮ್ಮ ಕೈಗುರುತು, ರಸ್ತೆಯ ಧೂಳು. ಆಸ್ಪತ್ರೆಯ ಬಾಗಿಲಲ್ಲಿ ಇಳಿದಾಗ ಮೊದಲು ನನ್ನ ಕಣ್ಣು ಹೋದದ್ದು ಆ ಬಾಗಿಲಿನ ಮೇಲೆ. ಇದನ್ನೂ ಬರೆದಿಡುತ್ತೇನೆ.

ಏಪ್ರಿಲ್ ೨೪, ಗುರುವಾರ

ಕಣ್ಣು ಬಿಟ್ಟಿದ್ದಾನೆ. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಅಲ್ಲಿನ ಡಾಕ್ಟರು ಎಷ್ಟು ಹೊತ್ತು ಬಿಸಿಲಲ್ಲಿದ್ದರು ಎಂದು ಕೇಳಿದಾಗ ಹತ್ತು ನಿಮಿಷ ಎಂದೆ. ಅವರು ಬರೆದುಕೊಳ್ಳಲಿಲ್ಲ. ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು.

ಏಪ್ರಿಲ್ ೨೭, ಭಾನುವಾರ

ನಾದಿನಿ ಆಸ್ಪತ್ರೆಯಿಂದಲೇ ತನ್ನ ಮನೆಗೆ ಕರೆದುಕೊಂಡು ಹೋದಳು. ಜಗಳವಾಡಲಿಲ್ಲ. ಇವನ ಬಟ್ಟೆ ಎಲ್ಲಿದೆ ಎಂದಷ್ಟೇ ಕೇಳಿದಳು. ಟ್ಯಾಕ್ಸಿಯಲ್ಲಿ ಕೂರಿಸಿದಾಗ ಇವನು ಕಿಟಕಿಯ ಗಾಜು ಏರಿಸಲು ತಡಕಾಡುತ್ತಿದ್ದ. ನಾನು ಹೊರಗೆ ನಿಂತಿದ್ದೆ.

ಮೇ ೬, ಮಂಗಳವಾರ

ಡಾಕ್ಟರಮ್ಮನ ಕಾರು ಬಂದಿಲ್ಲ. ಅವರು ಹೇಳಿ ಕಳಿಸಿದವರ ಕಾರುಗಳೂ ಬಂದಿಲ್ಲ. ಒಂದು ಬಿಳಿ ಕಾರು ತೊಳೆದೆ. ಬಿಳಿಯದರಲ್ಲಿ ತಪ್ಪು ಕಾಣುವುದಿಲ್ಲ.

ಅಂಗಳ ಬಹಳ ನಿಶ್ಶಬ್ದ. ಪೂರ್ತಿ ನೆರಳು ಈಗ ಕಾರಿಗೇ ಸಿಗುತ್ತದೆ.

ಮೇ ೧೮, ಭಾನುವಾರ

ಇವತ್ತು ನಾದಿನಿಯ ಮನೆಗೆ ಹೋಗಿದ್ದೆ. ಕರೆದುಕೊಂಡು ಬರೋಣ ಎಂದೇ ಹೋದದ್ದು. ಎಷ್ಟಾದರೂ ಗಂಡ. ಹಾಸಿಗೆ ಒಗೆದು ಒಣಗಿಸಿದ್ದೆ. ವ್ಯಾಯಾಮದ ಹುಡುಗಿಗೆ ಮತ್ತೆ ದಿನಾ ಬಾ ಎಂದು ಹೇಳಿದ್ದೆ.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾರೋ ಗಂಡಸು ನಗುತ್ತಿದ್ದರು. ನಾದಿನಿಯ ಗಂಡ ಇರಬೇಕೆಂದುಕೊಂಡೆ. ಅಲ್ಲ, ಇವರೇ. ಮಾತು ತೊದಲುತ್ತಿತ್ತು, ಆದರೆ ಏನೋ ಹಳೆಯ ಕಥೆ ಹೇಳುತ್ತಿದ್ದರು, ಯಾರದೋ ಕಾರಿನ ಡಿಕ್ಕಿಯಲ್ಲಿ ಬೆಕ್ಕು ಮರಿ ಹಾಕಿದ ಕಥೆ. ನನಗೆ ಯಾವತ್ತೂ ಹೇಳಿರಲಿಲ್ಲ. ಬಾಗಿಲಾಚೆ ನಿಂತು ಪೂರ್ತಿ ಕೇಳಿದೆ. ಕೊನೆಗೆ ನನಗೂ ನಗು ಬಂತು.

ಚಪ್ಪಲಿ ಬಿಟ್ಟು ಒಳಗೆ ಹೋದೆ. ನಗು ನಿಂತಿತು. ಎಡಗೈ ಬಲಗೈಯನ್ನು ಎತ್ತಿ ಮಡಿಲಿಗಿಟ್ಟುಕೊಂಡಿತು. ಬೆನ್ನು ನೇರವಾಯಿತು. ಮೇಷ್ಟ್ರು ಬಂದಾಗ ಮಕ್ಕಳು ಕೂರುವ ಹಾಗೆ ಕೂತರು.

"ಮನೆಗೆ ಹೋಗೋಣವಾ?" ಎಂದೆ.

ನಾದಿನಿ ನಡುವೆ ಬಾಯಿ ಹಾಕಲಿಲ್ಲ. "ಅಣ್ಣನ್ನೇ ಕೇಳಿ ಅತ್ತಿಗೆ" ಎಂದು ಗೋಡೆಗೆ ಒರಗಿ ನಿಂತಳು.

ಅವರು ನನ್ನ ಮುಖ ನೋಡಲಿಲ್ಲ. ನನ್ನ ಕೈಗಳನ್ನು ನೋಡುತ್ತಿದ್ದರು. ಬಹಳ ಹೊತ್ತು ಮಾತು ಕೂಡಿಸಿಕೊಂಡು, "ನಿಮಗೆ... ಕೆಲ್ಸ ಜಾಸ್ತಿ. ನಿಮಗೆ ತೊಂದ್ರೆ ಬೇಡ. ನಾ... ಇಲ್ಲೇ ಇರ್ತೀನಿ" ಎಂದರು. ಕೊನೆಗೆ, "ನೀವು ಒಪ್ಪಿದ್ರೆ" ಎಂದು ಸೇರಿಸಿದರು.

ಇಪ್ಪತ್ತಾರು ವರ್ಷದಲ್ಲಿ ಈ ಬಾಯಿಂದ ನನಗೆ ‘ನೀವು’ ಎಂದು ಬಂದದ್ದಿಲ್ಲ. ಸರಿ ಎಂದೆ. ನಾದಿನಿ ಊಟ ಮಾಡಿಕೊಂಡು ಹೋಗಿ ಎಂದಳು. ಹಸಿವಿಲ್ಲ ಎಂದೆ. ಬಾಗಿಲು ದಾಟುವಾಗ ಹಿಂದೆ ಅವರು ಉಸಿರು ಬಿಟ್ಟದ್ದು ಕೇಳಿಸಿತು.

ಮೊದಲ ಬಸ್ಸಿನಲ್ಲಿ, ‘ನೀವು ಒಪ್ಪಿದ್ರೆ’ ಎಂದ ಆ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಯೋಚಿಸುತ್ತಿದ್ದೆ. ಗಿರಾಕಿಗಳ ಹತ್ತಿರ ಮಾತಾಡುವ ದನಿ ಅದಲ್ಲ, ಗಿರಾಕಿಗಳಿಗೂ ಅವರು ಗಟ್ಟಿಯಾಗೇ ಹೇಳುತ್ತಿದ್ದರು. ಎರಡನೆಯ ಬಸ್ಸು ಹತ್ತಿ ಕೂತ ಮೇಲೆ ಗೊತ್ತಾಯಿತು. ಅದು ನನ್ನದು. ಒಂದು ಸೀರೆ ಕೊಳ್ಳಬೇಕಾದರೆ, ತವರಿಗೆ ಎರಡು ದಿನ ಹೋಗಬೇಕಾದರೆ, ಜ್ವರ ಬಂದು ಮಲಗಬೇಕಾದರೆ ನಾನು ಹಾಗೇ ಕೇಳುತ್ತಿದ್ದೆ, ಮುಖ ನೋಡದೆ, ಅವರ ಕೈಗಳನ್ನು ನೋಡುತ್ತ.

ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕ್ರೀ, ಹುಷಾರಿಲ್ವಾ?" ಎಂದು ಕೇಳಿದಳು. ಇಳಿಯುವ ಜಾಗ ದಾಟಿಹೋಗಿತ್ತು. ಮುಂದಿನ ನಿಲ್ದಾಣದಿಂದ ನಡೆದು ಬಂದೆ.

ಈಗ ಕೂತು ಬರೆಯುತ್ತಿದ್ದೇನೆ. ಬೆನ್ನಿನ ಹುಣ್ಣು ಮಾಗಿದೆಯೇ ಎಂದು ಕೇಳಲೇ ಇಲ್ಲ. ಮುಂದಿನ ಭಾನುವಾರ ಹೋಗಿ ಕೇಳಬೇಕು ಎನಿಸುತ್ತದೆ. ಹೋದರೆ ಅವರು ಮತ್ತೆ ಬೆನ್ನು ನೇರ ಮಾಡಿ ಕೂರಬೇಕಾಗುತ್ತದೆ.

ನಾದಿನಿಗೆ ಫೋನು ಮಾಡಿ ಕೇಳುತ್ತೇನೆ. ಅವರ ಕೈಗೆ ಫೋನು ಕೊಡುವುದು ಬೇಡ ಎನ್ನುತ್ತೇನೆ.